ಯಂತ್ರದ ಮುಂದೆ ಎದ್ದು ನಿಂತವರು

ಕಳೆದ ಸೋಮವಾರ ಬೆಳಗ್ಗೆ ಹನ್ನೊಂದೂ ಹತ್ತಕ್ಕೆ ನಾನು ಮಧುಗಿರಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಆಫೀಸಿನಲ್ಲಿ, ಕಿಟಕಿಗೆ ಬೆನ್ನು ಹಾಕಿ, ಲ್ಯಾಪ್‌ಟಾಪಿನಿಂದ ಮೂರು ಅಡಿ ದೂರದ ಕುರ್ಚಿಯಲ್ಲಿ ಕೂತಿದ್ದೆ. ನಿಂತದ್ದು ಆಮೇಲೆ. ನಿಧಾನವಾಗಿ ಹೇಳುತ್ತೇನೆ.

ಈ ಕಾರ್ಖಾನೆಯಲ್ಲಿ ಈಗ ಸಂದರ್ಶನ ಮಾಡುವುದು ಕೃತಕ ಬುದ್ಧಿಮತ್ತೆ. ಅದು ಪ್ರಶ್ನೆ ಕೇಳಿ, ಮುಖ ನೋಡಿ, ಅಂಕ ಹಾಕುತ್ತದೆ. ಅದರ ಮೇಲೆ ಕಣ್ಣಿಡಲು ಒಬ್ಬ ಮನುಷ್ಯ ಇರಲೇಬೇಕು, ಅವನ ಮುಖವೂ ತೆರೆಯ ಮೇಲೆ ಕಾಣುತ್ತಿರಬೇಕು, ಅವನು ಹಾಜರಿಲ್ಲದಿದ್ದರೆ ಯಂತ್ರದ ತೀರ್ಮಾನ ಊರ್ಜಿತವಲ್ಲ, ಮ್ಯಾನೇಜರೇ ಸಂದರ್ಶನ ಮಾಡಬೇಕು ಎಂದು ಕಂಪನಿ ನಿಯಮ ಮಾಡಿದೆ. ಆ ಮನುಷ್ಯ ನಾನು. ಕೊಡಿಗೇನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ನನ್ನನ್ನು ಆರಿಸುವಾಗ ಯಾರೂ ಏನೂ ಕೇಳಲಿಲ್ಲ. ಕನ್ನಡಕ ಇದೆಯೆಂದಷ್ಟೇ ನೋಡಿರಬೇಕು. "ಮಿಷನ್ನು ತಪ್ಪು ಮಾಡುದ್ರೆ ಕಿವಿ ಹಿಂಡ್ತೀರಾ?" ಎಂದಳು ನನ್ನ ಹೆಂಡತಿ. ಅದಕ್ಕೆ ಕಿವಿ ಎಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ.

ಅಂದು ಸೂಪರ್‌ವೈಸರ್ ಹುದ್ದೆಯ ಸಂದರ್ಶನಕ್ಕೆ ಬಂದವಳು ಭಾಗ್ಯಮ್ಮ. ಒಂಬತ್ತು ವರ್ಷದಿಂದ ಇಲ್ಲೇ ಟೈಲರ್. ಸೂಪರ್‌ವೈಸರ್ ಆದರೆ ಹೊಲಿಗೆಗೆ ಬಗ್ಗಿ ಬಗ್ಗಿ ಕೆಟ್ಟ ಬೆನ್ನು ಉಳಿಯುತ್ತಿತ್ತು. ಇಲ್ಲದಿದ್ದರೆ ಕೆಲಸವನ್ನೇ ಬಿಡಬೇಕೆಂದು ಡಾಕ್ಟರು ಹೇಳಿದ್ದರು.

ಯಂತ್ರ ಮೊದಲ ಪ್ರಶ್ನೆ ಕೇಳಿತು. ಭಾಗ್ಯಮ್ಮ ಎದ್ದು ನಿಂತಳು. ತೆರೆಯ ಮೇಲೆ ಮುಖ ಹೋಗಿ ಸೀರೆಯ ನೆರಿಗೆ ಬಂತು. "ಅಭ್ಯರ್ಥಿ ಕಾಣಿಸುತ್ತಿಲ್ಲ," ಎಂದಿತು ಯಂತ್ರ. ಕೂತಳು. ಎರಡನೆಯದು ಕೇಳಿತು. ಮತ್ತೆ ಎದ್ದಳು.

"ಕೂತ್ಕೊಂಡೇ ಹೇಳಮ್ಮ," ಎಂದೆ.

"ಹೆಂಗ್ ಸಾ ಕೂತ್ಕಳದು? ಕೇಳ್ದಾಗ ಎದ್ ನಿಲ್ಬೇಕು ಅಂತ ಎಂಟ್ನೇ ಕ್ಲಾಸ್ನಾಗೆ ಹೇಳ್ಕೊಟ್ಟೋರು ನೀವೇ ಅಲ್ವಾ? ನಿಲ್ನಿಲ್ಲ ಅಂತ ಒಂದಿನ ಪೂರ್ತಿ ನಿಲ್ಸಿದ್ರಿ!"

ನನಗೆ ನೆನಪಿರಲಿಲ್ಲ. ಅವಳ ಕಾಲಿಗೆ ಇತ್ತು. ಐದು ಪ್ರಶ್ನೆಗೆ ಐದು ಸಲ ಎದ್ದಳು. ಯಂತ್ರ "ಅನರ್ಹ" ಎಂದಿತು.

"ಏನ್ ಮಾಡದು ಮೇಷ್ಟ್ರೇ, ಮಿಷನ್ ಹೇಳ್ಬುಡ್ತು," ಎಂದು ಮ್ಯಾನೇಜರ್ ಶಿವಣ್ಣ ಕೈ ಚೆಲ್ಲಿದ.

ಆಗ ಯಂತ್ರ ನನ್ನನ್ನೇ ಕೇಳಿತು: "ಪರಿಶೀಲಕರೇ, ಒಪ್ಪುತ್ತೀರಾ?" ಒಪ್ಪುವುದಿಲ್ಲ ಎನ್ನಲು ಮೂರು ಕಾರಣ ಜೋಡಿಸಿಕೊಂಡಿದ್ದೆ. ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ನೋಡುತ್ತೇನೆ, ತೆರೆಯ ಮೇಲೆ ನನ್ನ ಬೆಲ್ಟು. ಎದ್ದು ನಿಂತಿದ್ದೆ. ಶಾಲೆಯ ಹುಡುಗನಂತೆ ಕೈಯನ್ನೂ ಕಟ್ಟಿಕೊಂಡಿದ್ದೆ.

"ಪರಿಶೀಲಕರು ಗೈರುಹಾಜರು. ತೀರ್ಮಾನ ರದ್ದು."

ನಿಯಮದಂತೆ ಶಿವಣ್ಣನೇ ಕೇಳಬೇಕಾಯಿತು. ಸೊಟ್ಟಗಾದ ಕಾಲರಿನ ಶರ್ಟೊಂದನ್ನು ಮುಂದೆ ಹಾಕಿದ. ಭಾಗ್ಯಮ್ಮ ಅದನ್ನು ತಿರುವಿ ಹಾಕಿ, ತಪ್ಪು ಕಟಿಂಗಿನಲ್ಲಿ, ಹೊಲಿಗೆಯಲ್ಲಲ್ಲ ಎಂದು ನಿಂತಲ್ಲೇ ತೋರಿಸಿದಳು. ಕೆಲಸ ಸಿಕ್ಕಿತು.

ಮೇಷ್ಟ್ರು ನಿಯಮ ಓದಿಕೊಂಡು ಉಪಾಯವಾಗಿ ಎದ್ದರು ಎಂದು ಶಿವಣ್ಣ ಎಲ್ಲರಿಗೂ ಹೇಳುತ್ತಿದ್ದಾನೆ. ನಾನು ತಿದ್ದಲು ಹೋಗಿಲ್ಲ. ಕಣ್ಣಾರೆ ಕಂಡವರು ಇಬ್ಬರೇ: ಶಿವಣ್ಣ, ಭಾಗ್ಯಮ್ಮ. ಇಬ್ಬರೂ ಇದೇ ಕಾರ್ಖಾನೆಯಲ್ಲಿ ಸಿಗುತ್ತಾರೆ. ಶಿವಣ್ಣ ನನ್ನ ಮುಖ ನೋಡುತ್ತಿದ್ದ. ಕಟ್ಟಿದ ಕೈ ನೋಡಿದವಳು ಭಾಗ್ಯಮ್ಮ. ಸದ್ಯ ಅವಳನ್ನು ಯಾರೂ ಕೇಳಿಲ್ಲ.