ತೋಕಪ್ಪ ಹೇಳದೆ ಹೋದದ್ದು

ತಪ್ಪು ಇಂಗ್ಲಿಷ್ ಕಂಡರೆ ನನಗೆ ಮೈಮೇಲೆ ಚೇಳು ಹರಿದಂತಾಗುತ್ತದೆ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ ಉಚ್ಚಂಗಮ್ಮನ ವಾದ. ವ್ರತ ಎಂದು ನನ್ನ ವಾದ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ, ಕೆಲಸ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರದು. ‘ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಕೈಂಡ್ಲಿ ಎಕ್ಸ್‌ಪೈರ್ಡ್’ ಎಂದು ರಜಾ ಚೀಟಿ ತಂದ ಹುಡುಗನಿಂದ ಮೊದಲು ವಾಕ್ಯ ತಿದ್ದಿಸಿ, ಆಮೇಲೆ ಸಂತಾಪ ಹೇಳಿದವನು ನಾನು. ಉಚ್ಚಂಗಮ್ಮನ ತಮ್ಮನಿಗೆ ಹೆಣ್ಣು ಕೊಟ್ಟವರು ಲಗ್ನಪತ್ರಿಕೆ ಹಿಡಿದು ಬಂದಾಗ, ಅವರೆದುರೇ ಜೇಬಿನಿಂದ ಕೆಂಪು ಪೆನ್ನು ತೆಗೆದು ಪತ್ರಿಕೆ ತಿದ್ದಿ, ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಹಾಕಿ ವಾಪಸ್ ಕೊಟ್ಟೆ. (ಮದುವೆಯ ಪಂಕ್ತಿಯಲ್ಲಿ ಹೋಳಿಗೆ ನನ್ನ ಎಲೆಯನ್ನು ಹಾರಿ ಪಕ್ಕದವನ ಎಲೆಗೆ ಹೋಯಿತು. ವಿದ್ಯೆಗೆ ಬೆಲೆ ಇಲ್ಲದ ಜನ.)

ಒಂದು ತಪ್ಪನ್ನಂತೂ ಬುಡಸಮೇತ ಕೀಳುತ್ತೇನೆಂದು ಪಣ ತೊಟ್ಟಿದ್ದೆ. ನೀರು ಕುಡಿಯಲು ಹೊರಗೆ ಹೋಗುವ ಪ್ರತಿಯೊಬ್ಬ ಹುಡುಗನೂ ಬಾಗಿಲಲ್ಲಿ ನಿಂತು, ‘ಸಾರ್, ಐ ವಿಲ್ ಗೋ ಅಂಡ್ ಕಮ್’ ಎನ್ನುತ್ತಾನೆ. ನಮ್ಮ ‘ಹೋಗಿ ಬರ್ತೀನಿ’ಗೆ ಕೋಟು ಟೈ ಹಾಕಿಸಿದ್ದು, ಅಷ್ಟೆ. “ಇಂಗ್ಲಿಷಿನವನು ಹೋಗುವಾಗ ಹೋಗೋದನ್ನ ಮಾತ್ರ ಹೇಳ್ತಾನೆ ಕಣ್ರೋ, ಬರೋದನ್ನ ಬಂದ ಮೇಲೆ ನೋಡ್ಕೋತಾನೆ” ಎಂದು ಬೋಧಿಸಿ, ಹಾಗಂದವರಿಗೆಲ್ಲ ನೂರು ಸಲ ಇಂಪೊಸಿಷನ್ ಬರೆಸುತ್ತಿದ್ದೆ. ಹುಡುಗರು ಬರೆದು ತಂದು ಕೊಟ್ಟು, ‘ಗೋ ಅಂಡ್ ಕಮ್ ಸಾರ್’ ಎಂದು ಹೋಗುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಮಗಳು ಮಧುಶ್ರೀಯ ಕಾಲೇಜಿಗೆಂದು ಮನೆಗೆ ಕಂಪ್ಯೂಟರ್ ಬಂತು. ಉಚ್ಚಂಗಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತಾನೇ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು. ಒಂದು ಸಂಜೆ ಮಗಳ ಬೆನ್ನ ಹಿಂದೆ ನಿಂತು ಇಣುಕಿದರೆ ಪರದೆಯ ಮೇಲೆ ‘ಹಿ ಡಿಡ್ ನಾಟ್ ವೆಂಟ್ ಟು ದ ಸೀ’ ಎಂದಿದೆ! ನಾನು ಕುರ್ಚಿ ಹಿಡಿದುಕೊಂಡೆ.

“ಯಾವ ಕತ್ತೆ ಬರೆದದ್ದು ಇದು?”

“ಕತ್ತೆ ಅಲ್ಲಪ್ಪ, ಕಥೆ. ಜಪಾನಿ ಕಥೆ. ಇಷ್ಟಪಟ್ಟ ಓದುಗರೇ ಸೇರ್ಕೊಂಡು ಇಂಗ್ಲಿಷಿಗೆ ಮಾಡಿ ಹಾಕ್ತಾರೆ. ಯಾರಿಗೂ ಸಂಬಳ ಇಲ್ಲ.”

“ಅದಕ್ಕೇ ವ್ಯಾಕರಣಾನೂ ಇಲ್ಲ.”

“ಎಡಿಟರ್ ಬೇಕಾಗಿದ್ದಾರೆ ಅಂತ ಕೆಳಗೆ ಹಾಕಿದ್ದಾರೆ ನೋಡು. ಇಲ್ಲಿ ನಿಂತು ಬೈಯೋ ಬದಲು ಹೋಗಿ ಸೇರ್ಕೋ” ಎಂದಳು ಮಗಳು, ನನ್ನನ್ನು ಬೆನ್ನ ಹಿಂದಿನಿಂದ ಕಳಿಸಿದರೆ ಸಾಕೆಂದು.

ನಾನು ಸೇರಿಯೇಬಿಟ್ಟೆ. ಪರೀಕ್ಷೆಗೆಂದು ಅವರು ಕಳಿಸಿದ ಪುಟವನ್ನು ತಿದ್ದಿದ್ದಲ್ಲದೆ, ಅದರ ಜೊತೆ ಬಂದ ಅವರ ಪತ್ರವನ್ನೂ ತಿದ್ದಿ ಕಳಿಸಿದೆ. ಅವರು ಬೆಚ್ಚಿಬಿದ್ದು ನನ್ನನ್ನು ಆರಿಸಿಕೊಂಡರು. ಹೀಗೆ ವಿದ್ಯಾನಗರದ ಪರಮೇಶ್ವರಪ್ಪನೆಂಬ ನಾನು ಜಪಾನೀ-ಆಂಗ್ಲ ಕಥಾಸಾಹಿತ್ಯದ ಅವೈತನಿಕ ಅಂತಾರಾಷ್ಟ್ರೀಯ ಸಂಪಾದಕನಾದೆ.

“ಸಂಪಾದಕ ಅಂದ್ರೆ ಸಂಪಾದನೆ ಏನ್ರೀ?” ಎಂದಳು ಉಚ್ಚಂಗಮ್ಮ.

“ಹೆಸರು ಬರುತ್ತೆ ಮಾರಾಯ್ತಿ.”

“ಹೆಸರಾ? ಹಾಗಾದ್ರೆ ಬೇಳೇನೇ ಕೊಡಕ್ಕೆ ಹೇಳಿ. ಕೋಸಂಬರಿಗಾದ್ರೂ ಆಗುತ್ತೆ.”

ಆದರೆ ಕಥೆ ಹಿಡಿದುಕೊಂಡದ್ದು ಅವಳನ್ನೇ. ಸಮುದ್ರದಂಚಿನ ಪುಟ್ಟ ಊರಿನ ಮೀನುಗಾರ ತೋಕಿಜಿ ಮತ್ತು ಅವನ ಹೆಂಡತಿ ಹಾನಾಯೆಯ ಸಂಸಾರದ ಕಥೆ ಅದು. ವಾರಕ್ಕೊಂದು ಅಧ್ಯಾಯ ಬರುತ್ತಿತ್ತು. ಮಗಳು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಇಂಗ್ಲಿಷ್ ಬಾರದ ಉಚ್ಚಂಗಮ್ಮ ಅಕ್ಕಿ ಆರಿಸುತ್ತ ಕೇಳಿ ಕೇಳಿ ತೋಕಿಜಿಯನ್ನು ತೋಕಪ್ಪ ಮಾಡಿದಳು, ಹಾನಾಯೆಯನ್ನು ಹನುಮಕ್ಕ ಮಾಡಿದಳು. ಪಕ್ಕದ ಮನೆಯ ಕರಿಯಮ್ಮನ ಜೊತೆ ಕಾಂಪೌಂಡಿನ ಬಳಿ ನಿಂತು, “ಹನುಮಕ್ಕನ ಅತ್ತೆ ಬಾಯಿ ಸರಿ ಇಲ್ಲ ಕಣ್ರೀ, ಆದ್ರೆ ತೋಕಪ್ಪ ದೇವರಂಥವನು” ಎನ್ನುವುದನ್ನು ಕೇಳಿ, ನನಗೆ ಗೊತ್ತಿಲ್ಲದ ನಮ್ಮ ನೆಂಟರು ಯಾರಪ್ಪಾ ಎಂದು ಒಮ್ಮೆ ತಬ್ಬಿಬ್ಬಾಗಿದ್ದೆ.

ಆ ಕಥೆಯಲ್ಲಿ ಒಂದು ರೋಗವಿತ್ತು. ಪ್ರತಿ ಅಧ್ಯಾಯದಲ್ಲೂ ತೋಕಿಜಿ ಕಡಲಿಗೆ ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು, ‘ಐ ವಿಲ್ ಗೋ ಅಂಡ್ ಕಮ್’ ಎನ್ನುತ್ತಿದ್ದ. ಹೆಂಡತಿ, ‘ಗೋ ಅಂಡ್ ಕಮ್’ ಎನ್ನುತ್ತಿದ್ದಳು. ನೋಡಿ, ಭದ್ರಾವತಿಯಲ್ಲಿ ನಾನು ಕಿತ್ತ ಕಳೆ ಜಪಾನಿನಲ್ಲಿ ಚಿಗುರಿದೆ! ಮೇಲಾಗಿ ಹೇಳಿದ್ದನ್ನೇ ವಾರ ವಾರ ಹೇಳುವುದೇಕೆ? ಓದುಗನಿಗೆ ಮರೆವಿನ ಕಾಯಿಲೆಯೇ? ಬಿರುಗಾಳಿಯ ಅಧ್ಯಾಯ ಕೈಗೆ ಬಂದಾಗ ನಾನು ಆ ಇಡೀ ಬಾಗಿಲ ಪ್ರಸಂಗವನ್ನೇ ಕಿತ್ತು ಹಾಕಿದೆ. ‘ತೋಕಿಜಿ ಬುತ್ತಿ ತೆಗೆದುಕೊಂಡು ಹೊರಟನು.’ ಎಷ್ಟು ಅಚ್ಚುಕಟ್ಟು!

ಅನುವಾದಕರ ಹೆಸರು ಯೂಕಿ. (ಗಂಡೋ ಹೆಣ್ಣೋ, ಯಾವ ದೇಶವೋ ದೇವರಿಗೇ ಗೊತ್ತು.) ‘ದಯವಿಟ್ಟು ಅದನ್ನು ತೆಗೆಯಬೇಡಿ, ಜಪಾನಿನಲ್ಲಿ ಹೊರಡುವಾಗ ಹಾಗೇ ಹೇಳುತ್ತಾರೆ’ ಎಂದು ಯೂಕಿ ಬರೆದರು. ‘ಭದ್ರಾವತಿಯಲ್ಲೂ ಹಾಗೇ ಹೇಳುತ್ತಾರೆ, ಅದಕ್ಕೇ ತೆಗೆದಿದ್ದೇನೆ’ ಎಂದು ಉತ್ತರಿಸಿದೆ. ಯೂಕಿ ಮತ್ತೆ ಬರೆಯಲಿಲ್ಲ. ಸತ್ಯದ ಮುಂದೆ ಯಾರು ನಿಲ್ಲುತ್ತಾರೆ?

ಶನಿವಾರ ಸಂಜೆ ಮಗಳು ಕಥೆ ಶುರುಮಾಡಿದಳು.

“ಆಮೇಲೆ ತೋಕಪ್ಪ ಬುತ್ತಿ ತಗೊಂಡು ಹೊರಟ...”

“ಹೊಸಲಲ್ಲಿ ಏನಂದ?”

“ಏನೂ ಅನ್ನಲಿಲ್ಲಮ್ಮ. ಹೊರಟ, ಅಷ್ಟೆ. ಕಡಲಲ್ಲಿ ಮೋಡ ಕಟ್ಟಿತ್ತು. ಗಾಳಿ ಎದ್ದಿತು. ದೋಣಿ ಕಾಣಲಿಲ್ಲ. ಮುಂದಿನ ವಾರ.”

ಮೊರದಲ್ಲಿ ಆಡುತ್ತಿದ್ದ ಉಚ್ಚಂಗಮ್ಮನ ಕೈ ನಿಂತಿತು. “ಹೇಳ್ದೆ ಹೋದನಾ? ಅಯ್ಯೋ, ಹಾಗಾದ್ರೆ ಅವನು ಬರಲ್ಲ ಕಣೇ. ಹನುಮಕ್ಕನ ಗತಿ ಏನೇ?”

ಮೊರ ಬಿಟ್ಟು ಎದ್ದವಳು ದೇವರ ಮುಂದೆ ದೀಪ ಹಚ್ಚಿದಳು. ಅವತ್ತಿನ ಸಾರಿಗೆ ಉಪ್ಪೇ ಇರಲಿಲ್ಲ. ನಾನು ನಕ್ಕೆ.

“ನಗಬೇಡಿ. ನಮ್ಮಪ್ಪ ಭದ್ರಾವತಿ ಕಾರ್ಖಾನೇಲಿ ಕುಲುಮೆ ಮುಂದೆ ಕೆಲಸ ಮಾಡೋರು. ‘ಹೋಗಿ ಬರ್ತೀನಿ’ ಅನ್ನಿಸ್ಕೊಳ್ದೆ ನಮ್ಮವ್ವ ಯಾವತ್ತೂ ಕಳಿಸಿದ್ದಿಲ್ಲ. ಒಂದಿನ ಮರೆತು ಹೋದ್ರು ಅಂತ, ಒಲೆ ಮೇಲಿನ ಮುದ್ದೆ ಹಾಗೇ ಬಿಟ್ಟು ಕಾರ್ಖಾನೆ ಗೇಟಿನವರೆಗೂ ಓಡಿ ಹೇಳಿಸ್ಕೊಂಡು ಬಂದ್ಲು. ಗೇಟಲ್ಲಿ ಜನ ಎಲ್ಲ ನಗಾಡಿದ್ರು. ನಗ್ಲಿ. ನಮ್ಮಪ್ಪ ಸಂಜೆ ಮನೆಗೆ ಬಂದ್ರಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ನನಗೂ ಒಂದು ಕ್ಷಣ ಹೇಗೋ ಆಯಿತು. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅಷ್ಟರಲ್ಲಿ ಮಗಳು ಓದುಗರ ಪ್ರತಿಕ್ರಿಯೆಗಳನ್ನು ತೆರೆದಳು. ಪೋಲೆಂಡಿನವನೊಬ್ಬ, ಫಿಲಿಪೀನ್ಸಿನವಳೊಬ್ಬಳು, ಇನ್ಯಾವುದೋ ದೇಶದವರೊಬ್ಬರು, ಎಲ್ಲರದೂ ಒಂದೇ ಗೋಳು: ಅವನು ಯಾಕೆ ಹೇಳದೆ ಹೋದ? ಕೆಳಗೆ ಯೂಕಿಯ ಉತ್ತರ: ‘ಮೂಲದಲ್ಲಿ ಹೇಳಿಯೇ ಹೋಗಿದ್ದಾನೆ. ನಮ್ಮ ಸಂಪಾದಕರು ತೆಗೆದುಹಾಕಿದರು.’

ಮಗಳು ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ಅನುವಾದಿಸಿದಳು. (ಆ ಅನುವಾದದಲ್ಲಿ ಒಂದೂ ತಪ್ಪಿರಲಿಲ್ಲ.)

“ನೀವಾ?” ಎಂದಳು ಉಚ್ಚಂಗಮ್ಮ. “ಕಡಲಿಗೆ ಹೋಗೋ ಗಂಡಸಿನ ಬಾಯಿಂದ ಆ ಮಾತು ಕಿತ್ಕೊಂಡ್ರಾ? ಈಗ್ಲೇ ವಾಪಸ್ ಹಾಕಿ.”

“ಸಾಧ್ಯವಿಲ್ಲ.”

“ಹಾಕಲ್ವಾ?”

“ಪ್ರಾಣ ಹೋದರೂ ಹಾಕಲ್ಲ. ಒಂದು ಮಾತಲ್ಲಿ ಆಗೋದಕ್ಕೆ ಎರಡು ಮಾತು ಬೇಡ. ಅದು ಶೈಲಿ, ನಿನಗೆ ಅರ್ಥ ಆಗಲ್ಲ.”

“ಸರಿ” ಎಂದಳು. ನಮ್ಮ ಮನೆಯಲ್ಲಿ ಆ ಪದ ಕೇಳಿಸಿದರೆ ಹಲ್ಲಿಯೂ ಗೋಡೆ ಬಿಟ್ಟು ಹೋಗುತ್ತದೆ.

ಮರುದಿನ ಭಾನುವಾರ, ಅವಳು ಭದ್ರಾವತಿಯಲ್ಲಿ ತಮ್ಮನ ಮಗುವಿನ ನಾಮಕರಣಕ್ಕೆ ಹೋಗುವುದಿತ್ತು. ನಾನು ಮೊದಲೇ ಬರುವುದಿಲ್ಲ ಎಂದಿದ್ದೆ. (ಹೋಳಿಗೆಯ ಸೇಡು.) ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಉಚ್ಚಂಗಮ್ಮ ರೇಷ್ಮೆ ಸೀರೆ ಉಟ್ಟು, ಚೀಲ ಹಿಡಿದು ಹೊಸ್ತಿಲ ಬಳಿ ನಿಂತಳು. ನಾನು ಪಂಚೆ ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದೆ.

“ಹೋಗ್ತೀನಿ” ಎಂದಳು.

ಮುಂದಿನ ಪದಕ್ಕೆ ಕಾದೆ. ಬರಲಿಲ್ಲ. “ಹೋಗ್ತೀನಿ ಅಂದ್ರೆ?”

“ಹೋಗ್ತೀನಿ ಅಂದ್ರೆ ಹೋಗ್ತೀನಿ. ಒಂದು ಮಾತಲ್ಲಿ ಆಗೋದಕ್ಕೆ ಎರಡು ಬೇಡ. ಅದು ಶೈಲಿ” ಎಂದು ಚಪ್ಪಲಿ ಮೆಟ್ಟಿ, ಹಿಂದಿರುಗಿ ನೋಡದೆ ನಡೆದೇಬಿಟ್ಟಳು.

ನಾನು ಗಟ್ಟಿಯಾಗಿ ನಕ್ಕೆ. ಹೆಂಗಸಿನ ಹಟ, ಸಂಜೆಗೆ ಬಾರದೆ ಎಲ್ಲಿಗೆ ಹೋಗುತ್ತಾಳೆ? ನಾನೇನು ಹೆದರುವವನಲ್ಲ. ಪೇಪರ್ ಮುಂದುವರಿಸಿದೆ. ಮೊದಲ ಸುದ್ದಿಯೇ ಬಸ್ಸು ಹಳ್ಳಕ್ಕೆ ಉರುಳಿದ್ದು. ಪುಟ ತಿರುಗಿಸಿದೆ, ಅಲ್ಲಿ ರಾಶಿಫಲ: ‘ಆಪ್ತರಿಂದ ಅಗಲಿಕೆ’. ಪೇಪರ್ ಮಡಿಸಿ ಕಾಫಿಗೆಂದು ಎದ್ದೆ, ಸಕ್ಕರೆ ಡಬ್ಬಿ ಎಲ್ಲಿದೆಯೆಂದು ತಿಳಿಯಲಿಲ್ಲ. ಕಾಂಪೌಂಡಿನಿಂದ ಕರಿಯಮ್ಮ ತಲೆ ಹಾಕಿದರು.

“ಉಚ್ಚಂಗಮ್ಮ ಹೊರಟ್ರಾ ಮೇಷ್ಟ್ರೇ? ಯಾವಾಗ ಬರ್ತೀನಿ ಅಂದ್ರು?”

“ಬರ್ತೀನಿ ಅಂತ ಅನ್ನಲೇ ಇಲ್ಲ” ಎಂದೆ. ನಿಜ ಹೇಳುತ್ತೇನೆ, ಹೆದರಿದೆ. ಮದುವೆಯಾದಂದಿನಿಂದ ಅವಳು ಎಲ್ಲಿಗೆ ಹೋದರೂ, ಹಾಲಿನ ಬೂತಿಗೆ ಹೋದರೂ ಬರ್ತೀನಿ ಎನ್ನದೆ ಹೋಗಿರಲಿಲ್ಲ. ನಾನೂ ದಿನಾ ಭದ್ರಾವತಿಗೆ ಹೊರಡುವಾಗ ಹೇಳಿಯೇ ಹೋಗುತ್ತಿದ್ದೆ. ನಾವು ಹೇಳುತ್ತಿದ್ದೆವೆಂಬುದೇ ನನಗೆ ಅದುವರೆಗೆ ಕೇಳಿಸಿರಲಿಲ್ಲ.

ಸ್ಕೂಟರ್ ಕೀ ಸಿಕ್ಕಿತು, ಅಂಗಿ ಸಿಗಲಿಲ್ಲ. ಹಾಗೇ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ಕಿಟಕಿಯ ಪಕ್ಕ ಉಚ್ಚಂಗಮ್ಮ ಕಲ್ಲಿನ ಹಾಗೆ ಕೂತಿದ್ದಳು.

“ಉಚ್ಚಂಗೀ, ಒಂದು ಮಾತು ಬಿಟ್ಟು ಬಂದಿದ್ದೀಯ ಮಾರಾಯ್ತಿ. ಹೇಳಿಬಿಡು.”

ಅವಳು ನನ್ನ ಬನಿಯನ್ನು ನೋಡಿದಳು, ಮುಖ ನೋಡಿದಳು. “ಮೊದಲು ತೋಕಪ್ಪ ಹೇಳ್ಲಿ. ಆಮೇಲೆ ನಾನು ಹೇಳ್ತೀನಿ.”

“ಇಲ್ಲಿ ಎಲ್ಲಿಂದ ತರಲಿ ತೋಕಪ್ಪನ್ನ?”

“ಕಳಿಸಿದವರಿಗೆ ಕರೆಯೋ ದಾರೀನೂ ಗೊತ್ತಿರಬೇಕು.”

ರಸ್ತೆಯ ಆಚೆ ಜಾಕಿರ್ ಎಂಬಾತನ ಸೈಬರ್ ಸೆಂಟರ್ ಇತ್ತು. ಕಂಡಕ್ಟರಿಗೆ ಕೈ ಮುಗಿದು, “ಐದು ನಿಮಿಷ ತಡಿಯಪ್ಪ, ಸಂಸಾರದ ಪ್ರಶ್ನೆ” ಎಂದು ಅವನ ಮುಖವನ್ನೂ ನೋಡದೆ ಓಡಿದೆ.

ಜಾಕಿರ್ ಗಾಬರಿಯಾಗಿ ಎದ್ದು ನಿಂತ. “ಬನಿಯನ್ನಲ್ಲೇ ಬಂದಿದ್ದೀರಲ್ಲ ಸಾರ್! ಮನೇಲಿ ಎಲ್ಲ ಖೈರಿಯತ್ತಾ?”

“ಜಪಾನಲ್ಲಿ ಒಬ್ಬ ಕಡಲಿಗೆ ಹೋಗಿಬಿಟ್ಟಿದ್ದಾನೆ, ಬೇಗ ಒಂದು ಸಿಸ್ಟಮ್ ಕೊಡು!”

“ಯಾ ಅಲ್ಲಾ!” ಎಂದು ಗೇಮ್ ಆಡುತ್ತಿದ್ದವನೊಬ್ಬನನ್ನು ಎಬ್ಬಿಸಿ ಕೂರಿಸಿದ. ಅಧ್ಯಾಯ ತೆರೆದು, ತೋಕಿಜಿಯನ್ನು ಕಡಲಿನಿಂದ ಹೊಸ್ತಿಲಿಗೆ ವಾಪಸ್ ಕರೆತಂದು ನಿಲ್ಲಿಸಿ, ನನ್ನ ಕೈಯಾರೆ ಟೈಪ್ ಮಾಡಿದೆ. ಹನುಮಕ್ಕನ ಉತ್ತರವನ್ನೂ ಹಾಕಿದೆ. ನಂತರ ಮತ್ತೆ ಓಡಿದೆ.

ಬಸ್ಸು ಹಿಂದಕ್ಕೆ ಬಂದು ತಿರುಗಿ ನಿಂತಿತ್ತು.

“ಹೇಳಿಸ್ದೆ!” ಎಂದು ಕಿಟಕಿಯ ಕೆಳಗೆ ಏದುಸಿರು ಬಿಟ್ಟೆ.

“ಏನಂತ ಹೇಳಿಸಿದ್ರಿ? ಇಂಗ್ಲಿಷಲ್ಲಿ ಹೇಗಿದ್ಯೋ ಹಾಗೇ ಹೇಳಿ. ನೀವು ಕನ್ನಡದಲ್ಲಿ ಏನು ಬೇಕಾದ್ರೂ ಸುಳ್ಳು ಹೇಳ್ತೀರ.”

“ಇಲ್ಲೇನಾ? ಇಷ್ಟು ಜನರ ಎದುರಿಗಾ?”

ಡ್ರೈವರ್ ಹಾರ್ನ್ ಹೊಡೆದ. ಬೇರೆ ದಾರಿ ಇರಲಿಲ್ಲ. ಪಂಚೆ ಹಿಡಿದುಕೊಂಡು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದೆ: “ಐ ವಿಲ್ ಗೋ ಅಂಡ್ ಕಮ್!”

ಬಸ್ಸಿನೊಳಗೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ತಟ್ಟನೆ ತಲೆ ಎತ್ತಿದ. ಆಗ ಅವನ ಮುಖ ನೋಡಿದೆ. ಭೀಮೇಶ! ನನ್ನದೇ ಹೈಸ್ಕೂಲಿನ, ಕೊನೇ ಬೆಂಚಿನ ಭೀಮೇಶ!

“ಸಾರ್,” ಎಂದ ಅವನು ತುಂಬ ವಿನಯದಿಂದ, “ಇದಕ್ಕೇ ಅಲ್ವಾ ಸಾರ್ ನೀವು ನನ್ ಕೈಲಿ ನೂರು ಸಲ ಬರೆಸಿದ್ದು?”

ಬಸ್ಸಿಗೆ ಬಸ್ಸೇ ನಕ್ಕಿತು. ಉಚ್ಚಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು, ಕಿಟಕಿಯಿಂದ ಬಗ್ಗಿ, “ಬರ್ತೀನಿ ರೀ. ಸಂಜೆಗೆ ಬರ್ತೀನಿ. ಸಕ್ಕರೆ ಮೇಲಿನ ಗೂಡಲ್ಲಿದೆ. ತೋಕಪ್ಪಾನೂ ಬರ್ತಾನೆ ಬಿಡಿ ಇನ್ನು” ಎಂದಳು. ನಗುವವರು ನಗಲಿ ಎಂದು ನನಗೂ ಅನ್ನಿಸಿತು.

ಭೀಮೇಶ ವಿಸಿಲ್ ಊದಿದ. ಬಸ್ಸು ಹೊರಟಿತು. ಅವನು ಬಾಗಿಲಿನಲ್ಲಿ ಜೋತುಬಿದ್ದು, ಹಳೆಯ ಬಾಕಿ ತೀರಿಸಿಕೊಳ್ಳುವವನಂತೆ ಕೂಗಿದ: “ಸಾರ್! ವೀ ವಿಲ್ ಗೋ ಅಂಡ್ ಕಮ್ ಸಾರ್!”

ನನ್ನ ಬಲಗೈ ತಾನಾಗಿಯೇ ಕೆಂಪು ಪೆನ್ನಿಗೆಂದು ಜೇಬಿಗೆ ಹೋಯಿತು. ಬನಿಯನ್ನಿಗೆ ಜೇಬಿರಲಿಲ್ಲ.

“ಗೋ ಅಂಡ್ ಕಮ್ ಕಣೋ!” ಎಂದು ಕೂಗಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅದೇ ಕೈಯನ್ನು ಬೀಸುತ್ತ ನಿಂತೆ.