ಅಡಿಕೆಯ ಬಣ್ಣ ಮತ್ತು ಗಿರಿಜಕ್ಕನ ಕಿಟಕಿ

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಲಾಭಕ್ಕೆ ಹೇಳುವವರು, ಸೋಮಾರಿತನಕ್ಕೆ ಹೇಳುವವರು. ಮೊದಲನೆಯವರು ಮುಂದೆ ಬಂದು ಊರಿಗೆ ದೊಡ್ಡವರಾಗುತ್ತಾರೆ. ಎರಡನೆಯವರು ನನ್ನ ಹಾಗೆ ಎಸಿ ಮೆಕ್ಯಾನಿಕ್ ಆಗಿ ಉಳಿಯುತ್ತಾರೆ. ನನ್ನ ಮನೆ ಚನ್ನಗಿರಿ. ಹೊನ್ನಾಳಿ, ನ್ಯಾಮತಿ, ಒಮ್ಮೊಮ್ಮೆ ದೂರದ ಜಗಳೂರು, ಎಲ್ಲಿ ಯಾರಿಗೆ ಸೆಕೆಯಾದರೂ ನನ್ನ ಬೈಕು ಹೊರಡುತ್ತದೆ. ಆದರೆ ಸ್ಪ್ಯಾನರಿಗಿಂತ ಚುರುಕಾಗಿ ತಿರುಗುವುದು ನನ್ನ ನಾಲಿಗೆ. ಒಂದು ಸಲ ಕೇಳಿದ ದನಿ ನನ್ನ ಗಂಟಲಿಗೆ ಬಾಡಿಗೆಗೆ ಬಂದು ಕೂರುತ್ತದೆ, ಮತ್ತೆ ಖಾಲಿ ಮಾಡುವುದಿಲ್ಲ. ಹೊನ್ನಾಳಿಯ ಡಾಕ್ಟರೊಬ್ಬರು "ಹೊಳೆ ಪಕ್ಕದಾಗೆ ಇದ್ದೂ ಬೇಯ್ತಾ ಇದೀವಲ್ಲಪ್ಪ" ಎಂದು ಮೂಗಿನಲ್ಲಿ ಕೊರಗುವುದು, ಹಳೆಯ ಕಂಪ್ರೆಸರು ಸಾಯುವ ಮುಂಚೆ ಕೆಮ್ಮುವುದು, ನನ್ನಪ್ಪ ನನ್ನನ್ನು ಬೈಯುವುದು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ಬೈಗುಳವನ್ನು ಅಪ್ಪನಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆಂದು ಅಮ್ಮನ ಅಭಿಪ್ರಾಯ.

ನಾಲ್ಕೂರು ಸುತ್ತುವವನಿಗೆ ಒಂದು ವಿಷಯ ಯಾರೂ ಹೇಳದೆ ತಿಳಿಯುತ್ತದೆ. ಕೆರೆಬಿಳಚಿಯ ಕಡೆಯಿಂದ ಸಂಜೆ ಬೈಕಿನಲ್ಲಿ ಬರುವಾಗ ತೋಟಗಳ ಪಕ್ಕ ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನು ಸವರುತ್ತದೆ. ಊರಿನ ಮೊದಲ ಕಾಂಪ್ಲೆಕ್ಸ್ ಕಂಡದ್ದೇ ತಡ, ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಮುಖಕ್ಕೆ ಹಿಡಿದಂತಾಗುತ್ತದೆ. ಸೊಕ್ಕೆ ಹಳ್ಳಿಯ ಬಯಲಿನಿಂದ ಜಗಳೂರಿನ ಪೇಟೆ ಹೊಕ್ಕರೂ ಅದೇ ಕಥೆ. ಸೂರ್ಯ ಎಲ್ಲರಿಗೂ ಒಬ್ಬನೇ. ಹೊಲಕ್ಕೆ ಕೊಟ್ಟದ್ದನ್ನು ಸಂಜೆಗೆ ವಾಪಸು ಒಯ್ಯುತ್ತಾನೆ, ಸಿಮೆಂಟಿಗೆ ಕೊಟ್ಟದ್ದನ್ನು ಮಾತ್ರ ಅಲ್ಲೇ ಬಿಟ್ಟು ಹೋಗುತ್ತಾನೆ. ಉಳಿದ ಬಿಸಿಯನ್ನು ಹೊರಗೆ ಎತ್ತಿ ಹಾಕಲು ನನ್ನಂಥವರನ್ನು ಕರೆಸುತ್ತಾರೆ. ಹೊರಗೆ ಎಂದರೆ ಎಲ್ಲಿಗೆ ಎಂದು ಯಾವ ಗಿರಾಕಿಯೂ ಇದುವರೆಗೆ ಕೇಳಿಲ್ಲ.

ಎಲ್ಲಿಗೆಂದರೆ, ಗಿರಿಜಕ್ಕನ ಕಿಟಕಿಗೆ.

ನಮ್ಮ ಪೇಟೆ ಬೀದಿಯಲ್ಲಿ ಬಸವರಾಜಣ್ಣನ ಸೀರೆ ಅಂಗಡಿ ಇದೆ. ಮೇಲೂ ಕೆಳಗೂ ಸೇರಿ ಆರು ಅಂಗಡಿಗಳ ಆ ಕಟ್ಟಡ ಅವರದೇ. ಪಕ್ಕದಲ್ಲಿ ಎರಡಾಳು ಎದುರುಬದುರು ಬಂದರೆ ಒಬ್ಬ ಹಿಂದೆ ಹೋಗಬೇಕಾದ ಸಂದಿ. ಸಂದಿಯ ಆಚೆಗಿನ ಮನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ ಗಿರಿಜಕ್ಕ ರವಿಕೆ ಹೊಲಿಯುತ್ತಿದ್ದಳು. ಒಂದೇ ಕೋಣೆ, ಒಂದೇ ಕಿಟಕಿ, ಒಬ್ಬಳೇ ಹೆಂಗಸು. ಚಿಕ್ಕಂದಿನಲ್ಲಿ ನನ್ನ ಸ್ಕೂಲ್ ಚಡ್ಡಿಗೆ ತೇಪೆ ಹಾಕಿದವಳೂ ಅವಳೇ. "ನಿನ್ನ ಬಾಯಿಗೊಂದು ಹಾಕ್ತೀನಿ ತಡಿ" ಎಂದು ಸೂಜಿ ತೋರಿಸುತ್ತಿದ್ದಳು.

ಬಸವರಾಜಣ್ಣ ಎಸಿ ತಂದಾಗ ಶಿವರಾತ್ರಿ ಹತ್ತಿರವಿತ್ತು. ಬೇಯಿಸಿದ ಅಡಿಕೆಯ ಕೊನೆಯ ಕಂತು ಅವರ ತಾರಸಿಯ ಮೇಲೆ ಒಣಗುತ್ತಿತ್ತು. "ಔಟ್‌ಡೋರ್ ಪೆಟ್ಟಿಗೆ ಮ್ಯಾಲೆ ಇಡಪ್ಪ, ಅದರ ಬಿಸಿ ಗಾಳಿಗೆ ಅಡಿಕೆನೂ ಬೇಗ ಒಣಗ್ತಾವೆ" ಎಂದರು. ಪುಣ್ಯಾತ್ಮರು ತಾವಾಗಿಯೇ ಹೇಳಿದ್ದು. ನಾನು ತಲೆಯೆತ್ತಿ ನೋಡಿದೆ. ಮೇಲೆ ಮಟಮಟ ಮಧ್ಯಾಹ್ನ, ಕಾದ ತಾರಸಿ, ಹೆಗಲ ಮೇಲೆ ಹೊರಬೇಕಾದ ಪೆಟ್ಟಿಗೆ. ಕೆಳಗೆ ಸಂದಿಯಲ್ಲಿ ತಂಪು ನೆರಳು, ಒರಗಿಸಿದ ಏಣಿ. ತಕ್ಷಣ ಅಡಿಕೆ ಮಂಡಿಯ ಹಿರಿಯ ವ್ಯಾಪಾರಿಗಳ ದನಿಯನ್ನು ಗಂಟಲಿಗೆ ತಂದುಕೊಂಡು, "ಅಣ್ಣಾ, ಆ ಗಾಳಿ ಬಡಿದ್ರೆ ಅಡಿಕೆ ಬಣ್ಣ ಕೆಡತೈತೆ ನೋಡ್ರಿ" ಎಂದೆ.

ಚನ್ನಗಿರಿಯಲ್ಲಿ ಒಬ್ಬನಿಗೆ ನಿನ್ನ ಬಣ್ಣ ಕೆಟ್ಟಿದೆ ಎನ್ನಬಹುದು, ನಕ್ಕು ಸುಮ್ಮನಾದಾನು. ಅಡಿಕೆಗೆ ಬೆಲೆ ಕಟ್ಟುವುದೇ ಬಣ್ಣ ನೋಡಿ, ಅದು ಕೆಡುತ್ತದೆ ಎಂದರೆ ನಿಂತ ನೆಲ ಅಲುಗುತ್ತದೆ. ಬಸವರಾಜಣ್ಣ ಸಂದಿ ತೋರಿಸಿದರು. ಪೆಟ್ಟಿಗೆ ಗಿರಿಜಕ್ಕನ ಕಿಟಕಿಗೆ ಸರಿಯಾಗಿ ಮುಖ ಮಾಡಿ ಕೂತಿತು.

ಮೊದಲ ಬೇಸಿಗೆಯಲ್ಲಿ ಅದು ತಮಾಷೆಯಾಗಿತ್ತು. ಗಿರಿಜಕ್ಕ ಕಿಟಕಿಯಲ್ಲಿ ಸಂಡಿಗೆ ಇಟ್ಟು ಮಧ್ಯಾಹ್ನದೊಳಗೆ ಒಣಗಿಸಿ, "ನಿನ್ನ ಪೆಟ್ಟಿಗೆ ಸೂರ್ಯಂಗಿಂತ ಮೇಲು ಕಣೋ" ಎಂದು ನನಗೂ ಒಂದು ಹಿಡಿ ಕೊಟ್ಟಳು. ಆಮೇಲೆ ಅದೇ ಕಟ್ಟಡದ ಮೊಬೈಲ್ ಅಂಗಡಿ, ಲ್ಯಾಬು, ಹಲ್ಲಿನ ಡಾಕ್ಟರು ಹೀಗೆ ಎರಡನೇ ಬೇಸಿಗೆಗೆ ಆರು ಪೆಟ್ಟಿಗೆಗಳಾದವು. ಆರೂ ನಾನೇ ಕೂರಿಸಿದ್ದು. ಸಂದಿ ಬಾವಿಯಂತೆ, ಬಿಸಿಗಾಳಿ ಮೇಲೇರಲು ದಾರಿಯಿಲ್ಲ. ಒಂದು ಪೆಟ್ಟಿಗೆ ಬಿಟ್ಟ ಉಸಿರನ್ನು ಇನ್ನೊಂದು ಎಳೆದುಕೊಳ್ಳುವುದು, ಎಳೆದದ್ದನ್ನು ಇನ್ನಷ್ಟು ಕಾಯಿಸಿ ಬಿಡುವುದು. "ರೂಮು ತಣ್ಣಗಾಗಿ ಕಟಾಫೇ ಆಗಲ್ವಲ್ಲೋ, ಇಡೀ ದಿನ ಓಡ್ತೈತೆ, ಕರೆಂಟು ನೀರಿನಂಗೆ ಹೋಗ್ತೈತೆ" ಎಂದು ಒಬ್ಬರಾದ ಮೇಲೊಬ್ಬರು ಫೋನು ಮಾಡಿದರು. ನಾನು ಹೋಗಿ ಜಾಲರಿ ತೊಳೆದು, ಗ್ಯಾಸು ನೋಡಿ, ತಲೆಯಾಡಿಸಿ ಬರುತ್ತಿದ್ದೆ. ರೋಗ ತಂದವನೇ ನಾಡಿ ಹಿಡಿಯುವ ವೈದ್ಯ.

ಗಿರಿಜಕ್ಕ ಕಿಟಕಿ ಮುಚ್ಚಿದಳು. ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಒಲೆ. ಫ್ಯಾನು ಬಿಸಿಯನ್ನೇ ಕಲಸುತ್ತಿತ್ತು. ಆರೂ ಒಟ್ಟಿಗೆ ಓಡುವಾಗ ಅವಳ ಕೋಣೆಯ ವೋಲ್ಟೇಜು ಬಿದ್ದು ಹೊಲಿಗೆ ಯಂತ್ರದ ಮೋಟಾರು ತೂಕಡಿಸುತ್ತಿತ್ತು. ಅವಳು ಮತ್ತೆ ಕಾಲಿನಲ್ಲೇ ತುಳಿಯತೊಡಗಿದಳು, ಕತ್ತಿಗೆ ಒದ್ದೆ ಟವೆಲು ಸುತ್ತಿಕೊಂಡು. ಟವೆಲಿನ ಗಿರಿಜಕ್ಕನನ್ನು ನಾನು ಹಲ್ಲಿನ ಡಾಕ್ಟರ ತಂಪಾದ ಕೋಣೆಯಲ್ಲಿ ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕಿದ್ದರು. ಅದನ್ನೂ ಹೇಳಿಬಿಡುತ್ತೇನೆ.

ಒಂದು ದಿನ ಮದುವೆ ಮನೆಯವರ ರೇಷ್ಮೆ ರವಿಕೆಯ ಮೇಲೆ ಅವಳ ಬೆವರು ಬಿದ್ದು ಕಲೆಯಾಯಿತು. ಅವರು ಜಗಳವಾಡಲಿಲ್ಲ. ಉಳಿದ ಬಟ್ಟೆಗಳನ್ನು ಮೆಲ್ಲಗೆ ಎತ್ತಿಕೊಂಡು ಹೋದರು. ಅವರ ಹಿಂದೆಯೇ ಉಳಿದವರೂ. ಗಿರಿಜಕ್ಕ ನನ್ನನ್ನು ಕರೆದಳು.

"ಲೋ, ಇವನ್ನ ಮ್ಯಾಲೆ ಹಾಕಾಕೆ ಬರಲ್ವೇನೋ?"

"ಅಡಿಕೆ ಬಣ್ಣ ಕೆಡತೈತಂತಲ್ಲಕ್ಕ."

"ಹೌದೇನೋ? ಹಂಗಾರೆ ಬ್ಯಾಡ ಬಿಡು. ವರ್ಷದ ಬೆಳೆ ಅದು, ಅವರ ಹೊಟ್ಟೆ ಮ್ಯಾಲೆ ಹೊಡಿಯಾಕೆ ಆಗ್ತೈತಾ?"

'ಅಂತಲ್ಲ' ಎಂದಿದ್ದೆ ನೋಡಿ, ಬೇರೆ ಯಾರೋ ಹೇಳಿದ್ದನ್ನು ಕೇಳಿದವನ ಹಾಗೆ. ಮರುದಿನ ಬೆಳಿಗ್ಗೆ ಎದ್ದವನೇ ಬಸವರಾಜಣ್ಣನ ಮುಂದೆ ನಿಂತು, "ಅಣ್ಣಾ, ಅಡಿಕೆ ಮಾತು ಸುಳ್ಳು, ತಾರಸಿ ಹತ್ತಾಕೆ ಬೇಜಾರಾಗಿ ಹೇಳಿದ್ದೆ. ಆರನ್ನೂ ಬಿಟ್ಟಿಯಾಗಿ ಮ್ಯಾಲೆ ಹಾಕ್ತೀನಿ" ಎಂದೆ.

ಅವರು ಸೀರೆ ಮಡಚುತ್ತಲೇ ನಕ್ಕರು. "ಇವತ್ತು ಯಾರ ದನಿಯೋ ಇದು? ನ್ಯಾಮತಿಯಾಗೆ ನಮ್ಮ ಬೀಗರದ್ದೇ ಬಣ್ಣ ಕೆಟ್ಟೈತೆ. ನಾನೇ ಕಣ್ಣಾರೆ ನೋಡೀನಿ."

ನನ್ನ ಸುಳ್ಳು ನನಗಿಂತ ಮುಂಚೆ ನ್ಯಾಮತಿಗೆ ಹೋಗಿ ಸಾಕ್ಷಿ ಸಂಪಾದಿಸಿತ್ತು. ನನ್ನ ಸ್ವಂತ ದನಿ ಹೇಗಿದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಸವ ಜಯಂತಿ ಕಳೆದು ಒಂದು ವಾರಕ್ಕೆ ಗಿರಿಜಕ್ಕ ಕೋಣೆ ಖಾಲಿ ಮಾಡಿದಳು. ಬಿಳಿಚೋಡಿನಲ್ಲಿ ತಂಗಿಯ ಮನೆ, ಮಣ್ಣಿನ ಮಾಳಿಗೆ, ತಂಪಾಗಿದೆಯಂತೆ. ಆದರೆ ತಿಂಗಳಿಗೆ ನಾಲ್ಕು ರವಿಕೆ ಹೊಲಿಸುವವರಿಲ್ಲವಂತೆ.

ದಸರೆಯ ಮೇಲೆ ಆ ಕೋಣೆಗೆ ಜಗಳೂರು ಕಡೆಯ ಒಬ್ಬರು ಬಂದು ಜೆರಾಕ್ಸ್ ಅಂಗಡಿ ಇಟ್ಟರು. ಒಂದು ಟನ್ನಿನ ಎಸಿ ಸಾಕಾಗುವ ಕೋಣೆಗೆ, ಎದುರಿನ ಆರು ಪೆಟ್ಟಿಗೆಗಳ ದೆಸೆಯಿಂದ, ಒಂದೂವರೆ ಟನ್ನಿನದು ಬೇಕಾಯಿತು. "ಈ ಬಾವಿಯಾಗೆ ಬ್ಯಾಡ್ರೀ, ತಾರಸಿ ಮ್ಯಾಲೆ ಹಾಕ್ರಿ" ಎಂದರು. ಆ ಮನೆಯ ಓನರಮ್ಮ ಓಡಿ ಬಂದು, "ಮ್ಯಾಲೆ ನಮ್ಮ ಅಡಿಕೆ ಐತೆ, ಬಣ್ಣ ಕೆಡತೈತೆ!" ಎಂದು ಅಡ್ಡ ನಿಂತರು. ನಾನು ಕಂಪನಿ ಎಂಜಿನಿಯರನ ದನಿಯಲ್ಲಿ, "ಇದು ಹೊಸ ಮಾಡೆಲ್ ಅಮ್ಮ, ಅಡಿಕೆಗೆ ಏನೂ ಆಗಲ್ಲ" ಎಂದೆ. ತಕ್ಷಣ ಒಪ್ಪಿದರು. ಮೇಲೆ ಹೊತ್ತು ಕೂರಿಸಲು ಅರ್ಧ ಗಂಟೆ ಹೆಚ್ಚು ಹಿಡಿಯಿತು. ಬರೀ ಅರ್ಧ ಗಂಟೆ.

ಕೊನೆಯ ಸ್ಕ್ರೂ ಬಿಗಿಯುತ್ತಿದ್ದಾಗ ಗಿರಿಜಕ್ಕ ಬಂದಳು, ಬಟ್ಟೆ ಕತ್ತರಿಸುವ ಹಲಗೆಯನ್ನು ಒಯ್ಯಲು. ಪೈಪು ಮೇಲೆ ಹೋಗಿದ್ದನ್ನು ಕಂಡು ಗಾಬರಿಯಾದಳು. "ಲೋ, ಓನರಮ್ಮನ ಅಡಿಕೆ ಐತಲ್ಲೋ ಮ್ಯಾಲೆ?"

"ಹೊಸ ಮಾಡೆಲ್ ಅಕ್ಕ."

ಅವಳು ತಲೆಯೆತ್ತಿ ಪೈಪು ಹೋದತ್ತ ನೋಡಿದಳು. "ಒಳ್ಳೇದಾತು. ನಾನಿದ್ದಾಗ ಇನ್ನೂ ಬಂದಿರ್ಲಿಲ್ಲ ನೋಡು" ಎಂದಳು. ಹಲಗೆಯನ್ನು ಬಸ್‌ಸ್ಟ್ಯಾಂಡಿನವರೆಗೆ ನಾನೇ ಹೊತ್ತೆ. ದಾರಿಯುದ್ದಕ್ಕೂ ನನ್ನ ಗಂಟಲಿಗೆ ಯಾರ ದನಿಯೂ ಬರಲಿಲ್ಲ.

ಈಗ ನಾಲ್ಕೂರಿನಲ್ಲೂ "ಅಡಿಕೆ ಬಣ್ಣ ಕೆಡಿಸದ ಹೊಸ ಮಾಡೆಲ್" ಕೇಳಿ ನನಗೇ ಫೋನು ಬರುತ್ತದೆ. ಅದೇ ಹಳೆಯ ಪೆಟ್ಟಿಗೆಯನ್ನು ಒಯ್ದು ತೆಪ್ಪಗೆ ತಾರಸಿ ಹತ್ತಿಸಿ ಬರುತ್ತೇನೆ. ನಿಜ ಹೇಳುವ ಯೋಗ್ಯತೆಯಂತೂ ನನಗಿರಲಿಲ್ಲ. ಸುಳ್ಳಿನಲ್ಲಾದರೂ ಸ್ವಲ್ಪ ಬುದ್ಧಿಯಿದ್ದಿದ್ದರೆ, ಎರಡನೆಯ ಸುಳ್ಳನ್ನು ಗಿರಿಜಕ್ಕ ಇದ್ದಾಗಲೇ ಹೇಳುತ್ತಿದ್ದೆ.