ಉರು ಹೊಡೆದ ಮನೋಧರ್ಮ

ಪಿಯಾನೊ ನನಗೆ ಬರುವ ವಿದ್ಯೆ ಎಂದು ಅರವತ್ತೇಳನೆಯ ವಯಸ್ಸಿನವರೆಗೂ ನಂಬಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಎಂಟು ವರ್ಷ ಕಲಿತು ಮೂರು ಗ್ರೇಡ್ ಪಾಸು ಮಾಡಿದ್ದೆ, ಅದರಲ್ಲೂ ಒಂದು ವಿತ್ ಮೆರಿಟ್. ಆಮೇಲೆ ಮದುವೆಯಾಯಿತು. ಸೇರಿದ ಮನೆಯಲ್ಲಿ ವೀಣೆ ಇತ್ತು, ಹಾರ್ಮೋನಿಯಂ ಇತ್ತು, ಪಿಯಾನೊ ಇಡುವಷ್ಟು ಖಾಲಿ ಗೋಡೆ ಮಾತ್ರ ಇರಲಿಲ್ಲ. ನಲವತ್ತೈದು ವರ್ಷ ನಾನು ಆ ಮಾತು ಎತ್ತಲೂ ಇಲ್ಲ.

ತೊಂಬತ್ತೆಂಟರಲ್ಲಿ ನಾನೂ ನಮ್ಮ ಯಜಮಾನರೂ ಮಗಳ ಮನೆಗೆಂದು ಡಚ್ಚರ ನಾಡಿನ ರೈಸ್‌ವೈಕ್‌ಗೆ ಬಂದೆವು. ಮಗಳು, ಅಳಿಯ ಇಬ್ಬರಿಗೂ ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳು ಗಾಬರಿಯಾಗದಂತೆ ನೋಡಿಕೊಳ್ಳುವ ಕೆಲಸ. ಹಗಲೆಲ್ಲ ನಾವಿಬ್ಬರೇ. ಎರಡು ಬೀದಿ ಆಚೆ ಬಡಾವಣೆಯ ಜನ ಸೇರುವ ಒಂದು ಹಾಲ್ ಇತ್ತು. ಬುಧವಾರ ಬೆಳಿಗ್ಗೆ ಅಲ್ಲಿ ವಯಸ್ಸಾದವರಿಗೆ ಕಾಫಿ, ತಲೆಗೆ ಒಂದೇ ಬಿಸ್ಕತ್ತು. ಮೂಲೆಯಲ್ಲಿ ಒಂದು ಕಪ್ಪು ಪಿಯಾನೊ. ಅದಕ್ಕೆ ಬೀಗ.

ಬೀಗದ ಕೈ ಇದ್ದದ್ದು ಮೆನೇರ್ ಹೆಂಡ್ರಿಕ್ ಅವರ ಜೇಬಿನಲ್ಲಿ. ಅಲ್ಲಿ ಮಿಸ್ಟರ್‌ಗೆ ಮೆನೇರ್ ಎನ್ನುತ್ತಾರೆ, ಮಿಸೆಸ್‌ಗೆ ಮೆವ್ರೌ. ಅವರು ರಿಟೈರ್ ಆದ ಪಿಯಾನೊ ಮೇಷ್ಟರು, ಬಾಗಿಲು ಬಗ್ಗಿ ದಾಟುವಷ್ಟು ಎತ್ತರ. ಒಂದು ಬುಧವಾರ ಧೈರ್ಯ ಮಾಡಿ ಕೀ ಕೇಳಿದೆ.

"ನುಡಿಸುವವರಿಗೆ ಮಾತ್ರ ಕೊಡುತ್ತೇನೆ, ಮೆವ್ರೌ" ಎಂದರು ನಿಧಾನವಾದ ಇಂಗ್ಲಿಷಿನಲ್ಲಿ. "ಇನ್ನೂರು ವರ್ಷದ ಹಿಂದೆ ಪಿಯಾನೊ ನುಡಿಸುತ್ತೇನೆ ಅಂದವನನ್ನು ಹಾಗೇ ಬಿಡುತ್ತಿರಲಿಲ್ಲ, ಗೊತ್ತೆ? ರಾಜರ ಮುಂದೆ ಇಬ್ಬರನ್ನು ಕೂರಿಸುತ್ತಿದ್ದರು. ಒಬ್ಬ ನಾಲ್ಕು ಸ್ವರ ಕೊಡಬೇಕು, ಇನ್ನೊಬ್ಬ ಅಲ್ಲೇ, ಆಗಲೇ, ಅದನ್ನು ಬೆಳೆಸಬೇಕು. ಎದುರಾಳಿಯ ಸ್ವರದ ಹಾಳೆಯನ್ನು ತಲೆಕೆಳಗೆ ಇಟ್ಟು ನುಡಿಸಿದವನೂ ಇದ್ದನಂತೆ. ಬೆಳಕು ಹರಿಯುವ ಮುಂಚೆ ಕುದುರೆಗಾಡಿ ಹತ್ತಿ ಪರಾರಿಯಾದವನೂ ಇದ್ದನಂತೆ."

ಇಲ್ಲಿ ನಾನು ಸುಮ್ಮನೆ ಬಿಸ್ಕತ್ತು ತಿನ್ನಬಹುದಿತ್ತು.

"ನಮ್ಮ ದೇಶದಲ್ಲಿ ಇದು ಈಗಲೂ ದಿನನಿತ್ಯದ ಮಾತು" ಎಂದೆ. "ಒಂದೇ ಸಾಲು ಹಿಡಿದು ಒಂದು ಗಂಟೆ ಹಾಡುತ್ತಾರೆ. ಬರೆದುಕೊಂಡು ಹಾಡುವವರನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಮನೋಧರ್ಮ ಎನ್ನುತ್ತೇವೆ."

"ನಿಮಗೂ ಬರುತ್ತದೆಯೆ?"

"ನ್ಯಾಚುರಲಿ."

ಮುದುಕರ ಕಣ್ಣು ಹೊಳೆಯಿತು. ಅವರಿಗೆ ಹಳೆಯ ಕಾಲದಂಥದೇ ಒಂದು ಕಾಂಟೆಸ್ಟ್ ನಡೆಸುವ ಆಸೆ ಬಹಳ ದಿನದಿಂದ ಇತ್ತಂತೆ, ಎದುರಾಳಿ ಸಿಕ್ಕಿರಲಿಲ್ಲವಂತೆ. ಎರಡು ಸುತ್ತು. ಮೊದಲನೆಯದು ಅವರವರ ಮನಸ್ಸಿಗೆ ಬಂದದ್ದು, ಎರಡನೆಯದು ಎದುರಾಳಿ ಕೊಟ್ಟದ್ದು. ಚಪ್ಪಾಳೆಯೇ ತೀರ್ಪು. ಒಂದು ಸುತ್ತು ಗೆದ್ದರೂ ಸಾಕು, ಬುಧವಾರಗಳಲ್ಲಿ ಕೀ ನನ್ನದು. ಮೂರು ವಾರ ಬಿಟ್ಟು ಭಾನುವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು. ಬಾಗಿಲಿಗೆ ಕಾಗದವೂ ಅಂಟಿತು.

ಸಮಸ್ಯೆ ಇಷ್ಟೇ. ನಾನು ಜನ್ಮದಲ್ಲಿ ಮನೋಧರ್ಮ ಮಾಡಿದವಳಲ್ಲ. ಕಾನ್ವೆಂಟಿನಲ್ಲಿ ಪುಸ್ತಕದಲ್ಲಿಲ್ಲದ ಸ್ವರ ಮುಟ್ಟಿದರೆ ಸಿಸ್ಟರ್ ಕೈಯ ಅಡಿಕೋಲು ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಆದ್ದರಿಂದ ನನ್ನ ಮನೋಧರ್ಮವನ್ನು ಮೊದಲು ನೀಟಾಗಿ ಬರೆದುಕೊಂಡೆ. ಬೆರಳುಗಳ ನಂಬರ್ ಸಮೇತ, ಮೂರು ಪುಟ.

ಯಜಮಾನರು ಕನ್ನಡಕ ಏರಿಸಿ ಓದಿದರು. ಅವರು ಸಂಗೀತ ಕಚೇರಿಯ ಮೊದಲ ಸಾಲಿನಲ್ಲಿ ಕೂತು ಮುಪ್ಪಾದವರು.

"ಸರೋಜ, ಇದು ನೀನು ಹುಡುಗಿಯಾಗಿದ್ದಾಗ ಕಲಿತ ಮೋಹನದ ವರ್ಣದ ಚಿಟ್ಟೆಸ್ವರ ಅಲ್ವೇನೇ?"

"ರೈಸ್‌ವೈಕ್‌ನಲ್ಲಿ ಯಾರಿಗ್ರೀ ಗೊತ್ತಾಗತ್ತೆ?"

"ಉರು ಹೊಡೆದದ್ದು ಮನೋಧರ್ಮ ಹೇಗಾಗತ್ತೆ?"

"ನೀವು ನನ್ನ ನೋಡೋಕೆ ಬಂದಾಗ ಕೇಳಿದ ಪ್ರಶ್ನೆಗಳೂ ನಿಮ್ಮಮ್ಮ ಉರು ಹೊಡೆಸಿದ್ದೇ ಅಲ್ವಾ? ನಾನೇನಾದ್ರೂ ಅಂದ್ನಾ? ತಾಳ ಹಾಕಿ."

ಮೋಹನ ರಾಗಕ್ಕೆ ಒಂದು ದೊಡ್ಡ ಅನುಕೂಲವಿದೆ. ಪಿಯಾನೊದ ಕಪ್ಪು ಮನೆಗಳನ್ನಷ್ಟೇ ನುಡಿಸಿದರೂ ಅದು ಮೋಹನವೇ. ಅಂಗಡಿಯಿಂದ ಕಾಗದದ ಸುರುಳಿ ತಂದು ಊಟದ ಮೇಜಿನ ಉದ್ದಕ್ಕೂ ಹಾಸಿ, ಸ್ಕೆಚ್ ಪೆನ್ನಿನಲ್ಲಿ ಮನೆಗಳನ್ನು ಬರೆದೆ. ಮೇಜು ದೊಡ್ಡದು. ಮನೆಗಳನ್ನೂ ಧಾರಾಳವಾಗಿಯೇ ಬರೆದೆ. ಮೂರು ವಾರ ಅದರ ಮೇಲೆ ಸದ್ದಿಲ್ಲದ ಸಾಧನೆ ನಡೆಯಿತು. ಯಜಮಾನರು ಆದಿತಾಳ ಹಾಕಿದರು. ಮಗಳು ಸಂಜೆ ಬಂದವಳು ನೋಡಿ, "ಅಮ್ಮಾ, ಆರ್ ಯು ಓಕೆ?" ಎಂದಳು.

ಭಾನುವಾರ ಹಾಲ್‌ನಲ್ಲಿ ಮೂವತ್ತು ಜನ. ನಾನು ರೇಷ್ಮೆ ಸೀರೆ, ಮೇಲೊಂದು ಕಾರ್ಡಿಗನ್. ಬೀಗ ತೆಗೆದರು. ಸ್ಟೂಲಿನ ಮೇಲೆ ಕುಳಿತು, ಕ್ಷಣಕಾಲ ಕಣ್ಣು ಮುಚ್ಚಿ, ಪ್ರೇರಣೆಗೆ ಕಾಯುತ್ತಿರುವವಳಂತೆ ಮುಖ ಮಾಡಿದೆ. ನಂತರ ಶುರು ಮಾಡಿದೆ.

ನಿಜವಾದ ಪಿಯಾನೊದ ಮನೆಗಳು ನನ್ನ ಮೇಜಿನ ಮನೆಗಳಿಗಿಂತ ಚಿಕ್ಕವು ಎಂಬುದು ಆಗ ತಿಳಿಯಿತು. ಕೈ ಹಾರಿದಾಗಲೆಲ್ಲ ಗುರಿ ಒಂದು ಮನೆ ದಾಟುತ್ತಿತ್ತು. ಕಪ್ಪಿನ ಮಧ್ಯೆ ಬಿಳಿ ಸೇರಿತು. ಅಲ್ಲಿ ಕೇಳಿಸಿದ್ದು ಯಾವ ಮೇಳಕರ್ತಕ್ಕೂ ಸೇರದ ರಾಗ. ಆದರೆ ಸಭೆ ಗಂಭೀರವಾಗಿ ಆಲಿಸುತ್ತಿತ್ತು. ಹೆಂಡ್ರಿಕ್ ಮುಂದಕ್ಕೆ ಬಾಗಿ, "ವೆರಿ ಮಾಡರ್ನ್" ಎಂದು ಪಿಸುಗುಟ್ಟಿದರು.

ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ಕೈ ತನ್ನ ಅಭ್ಯಾಸಕ್ಕೆ ಮರಳಿತು. ಮೊದಲ ಪುಟದ ಕೊನೆಯ ಸಾಲು ಬಂದಾಗ ಬಲಗೈ ಮೇಲೆದ್ದಿತು. ತೋರುಬೆರಳು ನಾಲಿಗೆಗೆ ತಾಗಿತು. ನಾನು ಹಾಳೆ ತಿರುವಿದೆ.

ಅಲ್ಲಿ ಹಾಳೆ ಇರಲಿಲ್ಲ.

ಮುಂದಿನ ಸಾಲಿನ ಹೆಂಗಸು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಹೆಂಡ್ರಿಕ್ ಖಾಲಿ ಸ್ಟ್ಯಾಂಡನ್ನು ನೋಡಿದರು, ನನ್ನನ್ನು ನೋಡಿದರು. ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸಿ ಕುದುರೆಗಾಡಿ ಹುಡುಕುತ್ತಿದ್ದರು. ನಾನು ಎರಡನೆಯ ಪುಟ ಮುಂದುವರಿಸಿದೆ, ಅದು ಮುಗಿದಾಗ ಅದನ್ನೂ ತಿರುವಿದೆ. ಯಜಮಾನರು ತಾಳ ನಿಲ್ಲಿಸಿ ಗೋಡೆಯ ಮೇಲಿನ ಡಚ್ ಸೂಚನೆಗಳನ್ನು ಓದತೊಡಗಿದರು. ಅವರಿಗೆ ಡಚ್ ಬರುವುದಿಲ್ಲ.

ಹೆಂಡ್ರಿಕ್ ತಮ್ಮ ಪಾಲಿನ ಮೊದಲ ಸುತ್ತು ನುಡಿಸಿದರು, ಚಪ್ಪಾಳೆ ಅವರಿಗೇ ಹೆಚ್ಚು ಬಿತ್ತು. ಎರಡನೆಯ ಸುತ್ತು. ಹೆಂಡ್ರಿಕ್ ಒಂದೇ ಬೆರಳಿನಲ್ಲಿ ಎಂಟು ಸ್ವರ ನುಡಿಸಿ, "ಈಗ ನಿಮ್ಮದು" ಎಂದರು.

ನಾನು ಆ ಎಂಟು ಸ್ವರ ನುಡಿಸಿದೆ. ಸರಿಯಾದ ಬೆರಳಿಟ್ಟು, ಅವರಿಗಿಂತ ಶುದ್ಧವಾಗಿ. ಅವರು ಕಾದರು. ಮತ್ತೊಮ್ಮೆ ನುಡಿಸಿದೆ.

"ಈಗ ಬದಲಾಯಿಸಿ, ಮೆವ್ರೌ" ಎಂದರು ಮೆತ್ತಗೆ.

ಬದಲಾಯಿಸುವುದು ಎಲ್ಲಿಂದ? ಅಷ್ಟು ವಯಸ್ಸಿಗೆ, ಆ ಸ್ಟೂಲಿನ ಮೇಲೆ ಕೂತು, ಕಾಗದದಿಂದ ಬರದ ಒಂದೇ ಒಂದು ಸ್ವರವೂ ನನ್ನಲ್ಲಿಲ್ಲ ಎಂದು ಗೊತ್ತಾಯಿತು. ಬೆರಳ ಗೆಣ್ಣು ನೋಡಿಕೊಂಡೆ. ಮೂರನೆಯ ಸಲ ಅದನ್ನೇ ಸ್ವಲ್ಪ ಜೋರಾಗಿ ನುಡಿಸಿ, ಎದ್ದು, ಕಾನ್ವೆಂಟಿನ ಹುಡುಗಿಯಂತೆ ಮಂಡಿ ಬಗ್ಗಿಸಿ ವಂದಿಸಿದೆ. ವಯಸ್ಸಿಗೆ ಮರ್ಯಾದೆ ಕೊಟ್ಟು ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಹೆಂಡ್ರಿಕ್ ಕೂತರು. ಮೊದಲು ಆ ಎಂಟು ಸ್ವರ ಹಿಡಿದು ಏನೇನೋ ಮಾಡಿದರು. ನಂತರ, ಎದುರಾಳಿ ಕೊಟ್ಟದ್ದೆಂದು, ನಾನು ಕೆಡಿಸಿದ್ದ ಮೋಹನವನ್ನೇ ಎತ್ತಿಕೊಂಡರು. ನನ್ನ ಬೆರಳು ಹೋಗಬೇಕಾಗಿದ್ದ ಜಾಗ ಅವರಿಗೆ ಹೇಗೋ ತಿಳಿದಿತ್ತು. ಬರೀ ಕಪ್ಪು ಮನೆಗಳ ಮೇಲೆ, ಮೋಹನ ನಿಜವಾಗಿಯೇ ಬಂದು ನಿಂತಿತು.

"ಭಲೇ!" ಎಂದು ಯಾರೋ ಕೂಗಿದರು. ಯಜಮಾನರು. ನಲವತ್ತೈದು ವರ್ಷದ ಸಂಸಾರದಲ್ಲಿ ನನ್ನ ಯಾವ ಅಡುಗೆಗೂ ಅಷ್ಟು ಗಟ್ಟಿಯಾಗಿ ಹಾಗೆ ಅಂದಿರಲಿಲ್ಲ.

"ಎದುರಾಳಿಗಾ ಭಲೇ ಅನ್ನೋದು?" ಎಂದೆ, ಅವರು ಪಕ್ಕಕ್ಕೆ ಬಂದಾಗ.

"ಬಾಯಿಗೆ ಬಂದುಬಿಡ್ತು ಕಣೇ. ಅದು ಮನೋಧರ್ಮ."

ಹೆಂಡ್ರಿಕ್ ಬೀಗ ಹಾಕಿ, ಕೀ ಜೇಬಿಗೆ ಸೇರಿಸಿ ನಮ್ಮ ಬಳಿ ಬಂದರು. "ಕೀ ಕೊಡಲಾರೆ, ಮೆವ್ರೌ. ಆದರೆ ನೀವು ಹಾಳೆ ತಿರುವಿದ ರೀತಿ ನೋಡಿದೆ. ಸರಿಯಾಗಿ ಒಂದು ಬೀಟ್ ಮುಂಚೆ. ಬುಧವಾರ ನಾನು ನುಡಿಸುವಾಗ ಹಾಳೆ ತಿರುವಲು ಒಬ್ಬರು ಬೇಕಾಗಿತ್ತು."

ಊರಿಗೆ ಹೊರಡುವವರೆಗೆ ಐದು ಬುಧವಾರ ಆ ಪಿಯಾನೊ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ಕೊನೆಯ ಬುಧವಾರ ಅವರು ಅರ್ಧದಲ್ಲಿ ಪುಸ್ತಕ ಬಿಟ್ಟು ಮನಸ್ಸಿಗೆ ಬಂದದ್ದನ್ನು ನುಡಿಸತೊಡಗಿದರು. ಹಾಲ್‌ನಲ್ಲಿದ್ದ ಎಲ್ಲರಿಗೂ ಅದು ಗೊತ್ತಾಯಿತು.

ನಾನು ಮಾತ್ರ ಹಾಳೆ ತಿರುವುತ್ತಲೇ ಇದ್ದೆ.